ನಾಲ್ಕು ಸಿಲಿಂಡರಿನ ಆಸೆ, ಯರಗಟ್ಟಿಯ ಮಿಸ್ತ್ರಿ

ಯರಗಟ್ಟಿ ಕ್ರಾಸಿನಲ್ಲಿ ಚಹಾ ಕುಡಿಯುತ್ತ ಕೂತವರು ಗಾಡಿ ನೋಡಲು ತಿರುಗುವುದಿಲ್ಲ. ಹಿಂದಿನಿಂದ ಬರುತ್ತಿರುವುದು ಬುಲೆಟ್ಟೋ, ಸ್ಪ್ಲೆಂಡರೋ, ಹಳೇ ಆರ್‌ಎಕ್ಸ್ 100 ಗಾಡಿಯೋ ಅನ್ನೋದನ್ನ ಕಿವಿಯೇ ಹೇಳಿಬಿಡುತ್ತದೆ. ಬೆಳಗಾವಿ–ಬಾಗಲಕೋಟೆ ರಸ್ತೆಗೆ ಸವದತ್ತಿ ಕಡೆಯ ದಾರಿ ಬಂದು ಕೂಡುವ ಜಾಗ ಇದು. ಎಲ್ಲಮ್ಮನ ಗುಡ್ಡಕ್ಕೆ ಹೊರಟವರು, ಸಂತೆಗೆ ಬಂದವರು, ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರು, ಎಲ್ಲದಕ್ಕೂ ಇದೇ ದಾರಿ. ಇಷ್ಟೆಲ್ಲ ಸಪ್ಪಳದ ನಡುವೆ ಒಂದು ಸಪ್ಪಳ ಮಾತ್ರ ಇಲ್ಲಿ ಕೇಳಿದವರು ಅಪರೂಪ. 1970ರ ದಶಕದ ಜಪಾನಿ ನಾಲ್ಕು ಸಿಲಿಂಡರ್ ಮೋಟರ್‌ಸೈಕಲ್ಲಿನದು. ನಮ್ಮ ಹುಡುಗರು ಅದನ್ನು ಕೇಳಿದ್ದು ಮೊಬೈಲಿನಲ್ಲಿ, ಅದೂ ಇಯರ್‌ಫೋನ್ ಹಾಕಿಕೊಂಡು.

ಸಪ್ಪಳ ಯಾಕೆ ಬೇರೆ ಅಂದರೆ ಲೆಕ್ಕ ಸರಳ. ಬುಲೆಟ್ಟಿನಂಥ ಒಂದೇ ಸಿಲಿಂಡರಿನ ಫೋರ್-ಸ್ಟ್ರೋಕ್ ಎಂಜಿನ್ ಎರಡು ಸುತ್ತು ತಿರುಗಿದಾಗ ಒಂದು ಸಲ ಒಳಗೆ ಕಿಡಿ ಹೊತ್ತುತ್ತದೆ. ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 25 ಹೊಡೆತ. ಯೆಜ್ಡಿ, ಆರ್‌ಎಕ್ಸ್ ಟೂ-ಸ್ಟ್ರೋಕ್, ಸುತ್ತಿಗೊಂದು ಹೊಡೆತ, ಹಾಗಾಗಿ 50. ನಾಲ್ಕು ಸಿಲಿಂಡರಿನದು ಅದೇ ವೇಗದಲ್ಲಿ ಸೆಕೆಂಡಿಗೆ 100. ಡಗ್ ಡಗ್ ಅನ್ನೋದು ಬಿಡಿಬಿಡಿಯಾಗಿ ಕೇಳದೆ ಒಂದೇ ಎಳೆಯಾಗಿ ಬಿಡುತ್ತದೆ. ಮೇಲಾಗಿ ಅಂಚಿನ ಎರಡು ಪಿಸ್ಟನ್ ಮೇಲೆ ಬಂದಾಗ ನಡುವಿನ ಎರಡು ಕೆಳಗಿರುತ್ತವೆ. ಒಂದರ ಕುಲುಕಾಟವನ್ನು ಇನ್ನೊಂದು ನುಂಗುತ್ತದೆ. ಕನ್ನಡಿಯಲ್ಲಿ ಹಿಂದಿನ ಗಾಡಿ ನಡುಗದೆ ಕಾಣುತ್ತದೆ ಅನ್ನೋದೇ ಆ ಕಾಲಕ್ಕೆ ದೊಡ್ಡ ಸುದ್ದಿ.

ಈ ಕತೆ ಶುರುವಾಗೋದು 1968ರ ಟೋಕಿಯೋ ಮೋಟರ್ ಶೋದಲ್ಲಿ. ಹೋಂಡಾ ಕಂಪನಿ ಅಲ್ಲಿ ಸಿಬಿ 750 ಫೋರ್ ಅನ್ನೋ ಗಾಡಿ ತಂದು ನಿಲ್ಲಿಸಿತು, ಮರುವರ್ಷ ಮಾರಾಟಕ್ಕೆ ಬಿಟ್ಟಿತು. 736 ಸಿಸಿ, 67 ಅಶ್ವಶಕ್ತಿ, ಬಟನ್ ಒತ್ತಿದರೆ ಸ್ಟಾರ್ಟ್, ಮುಂದಿನ ಗಾಲಿಗೆ ಡಿಸ್ಕ್ ಬ್ರೇಕ್. ನಾಲ್ಕು ಸಿಲಿಂಡರಿನ ಮೋಟರ್‌ಸೈಕಲ್ ಅದಕ್ಕೂ ಮೊದಲು ಇರಲಿಲ್ಲ ಅಂತಲ್ಲ, ಇದ್ದವು, ಆದರೆ ಶ್ರೀಮಂತರ ಪಾಲಿನವು. ಇದು ಅಮೆರಿಕದಲ್ಲಿ 1,495 ಡಾಲರಿಗೆ ಸಿಕ್ಕಿತು, ಕೆಲಸಕ್ಕೆ ಹೋಗುವ ಮನುಷ್ಯ ಸಾಲ ಮಾಡಿ ತಗೊಳ್ಳಬಹುದಾದ ಬೆಲೆ. ಇಷ್ಟು ದೊಡ್ಡ ಗಾಡಿ ಎಷ್ಟು ಖರ್ಚಾದೀತು ಅನ್ನೋ ಅನುಮಾನ ಹೋಂಡಾಕ್ಕೇ ಇತ್ತು. ಅದಕ್ಕೆ ದುಬಾರಿ ಅಚ್ಚು ಮಾಡಿಸದೆ, ಮೊದಲ ಸುಮಾರು ಏಳು ಸಾವಿರ ಎಂಜಿನ್‌ಗಳ ಕವಚವನ್ನು ಉಸುಕಿನ ಅಚ್ಚಿನಲ್ಲೇ ಎರಕ ಹೊಯ್ದರು. ಬೇಡಿಕೆ ನೋಡಿದ ಮೇಲೆ ಪಕ್ಕಾ ಅಚ್ಚು ಬಂತು. ಆ ಉಸುಕಿನ ಎರಕದ ಗಾಡಿಗಳಿಗೇ ಈಗ ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ರೇಟು!

1970ರಲ್ಲಿ ಡಿಕ್ ಮಾನ್ ಈ ಗಾಡಿ ಓಡಿಸಿ ಡೇಟೋನಾ 200 ರೇಸ್ ಗೆದ್ದ. 1972ರಲ್ಲಿ ಕಾವಾಸಾಕಿ 903 ಸಿಸಿಯ ಜಡ್-1 ತಂದಿತು, 1976ರಲ್ಲಿ ಸುಜುಕಿ ಜಿಎಸ್ 750 ಬಂತು, ಆಮೇಲೆ ಯಮಾಹಾ. ಯಾರು ಮಾಡಿದರೂ ನಕ್ಷೆ ಹೆಚ್ಚುಕಡಿಮೆ ಅದೇ: ನೆಟ್ಟಗೆ ಕೂರುವ ಸೀಟು, ಅಗಲ ಹ್ಯಾಂಡಲ್, ಅಡ್ಡಕ್ಕೆ ಕೂರಿಸಿದ ನಾಲ್ಕು ಸಿಲಿಂಡರ್, ಗಾಳಿಯಿಂದಲೇ ತಂಪಾಗುವ ಎಂಜಿನ್. ಬ್ರಿಟನ್ನಿನ ಹಳೇ ಮೋಟರ್‌ಸೈಕಲ್ ಕಂಪನಿಗಳು ಮೊದಲೇ ಸೋತು ಸುಣ್ಣವಾಗಿದ್ದವು. ಎಣ್ಣೆ ಸೋರದ, ಒದೆಯದೆ ಸ್ಟಾರ್ಟ್ ಆಗುವ ಈ ಗಾಡಿ ಬಂದ ಮೇಲೆ ಚೇತರಿಸಿಕೊಳ್ಳಲೇ ಇಲ್ಲ.

ಅದೇ ಹೊತ್ತಿಗೆ ನಮ್ಮ ಕಡೆ ಏನಿತ್ತು? ಮೈಸೂರು ಇತ್ತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ, ಯಾದವಗಿರಿಯಲ್ಲಿ. 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ್ದು. ಚೆಕ್ ದೇಶದ ಜಾವಾ ಅಲ್ಲಿ ತಯಾರಾಗುತ್ತಿತ್ತು, 1970ರ ದಶಕದಲ್ಲಿ ಅದಕ್ಕೇ ಯೆಜ್ಡಿ ಅಂತ ಹೆಸರಾಯಿತು. ಸೈಲೆನ್ಸರ್ ಎರಡು, ಸಿಲಿಂಡರ್ ಒಂದೇ. ಎರಡು ಹೊಗೆ ಕೊಳವೆ ನೋಡಿ ‘ಡಬಲ್ ಎಂಜಿನ್’ ಅಂದುಕೊಂಡವರು ಈಗಲೂ ಇದ್ದಾರೆ. ಜಾವಾದಲ್ಲಿ ಕಿಕ್ ಹೊಡೆಯುವ ಕೋಲನ್ನೇ ಮುಂದಕ್ಕೆ ಮಲಗಿಸಿದರೆ ಗೇರ್ ಆಗುತ್ತಿತ್ತು. ಜಗತ್ತು ನಾಲ್ಕು ಸಿಲಿಂಡರಿಗೆ ಹೋದಾಗ ನಮ್ಮವರು ಈ ಒಂದು ಸಿಲಿಂಡರಿಗೇ ಹೆಸರು ಬರೆಸಿ ಕಾಯುತ್ತಿದ್ದರು. ಎಷ್ಟು ಗಾಡಿ ಮಾಡಬೇಕು, ಯಾವುದು ಮಾಡಬೇಕು ಅನ್ನೋದನ್ನ ದಿಲ್ಲಿಯ ಲೈಸೆನ್ಸು ಹೇಳುತ್ತಿತ್ತು, ಹೊರಗಿನದಕ್ಕೆ ಬಾಗಿಲು ಮುಚ್ಚಿತ್ತು.

ಬಾಗಿಲು ತೆರೆದಾಗ ಜಪಾನ್ ಬಂತು, ಸಣ್ಣ ಗಾತ್ರದಲ್ಲಿ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಾಹಾದ ಆರ್‌ಡಿ 350 ಗಾಡಿಯನ್ನು ರಾಜದೂತ್ ಹೆಸರಲ್ಲಿ ತಂದಿತು. ಎರಡು ಸಿಲಿಂಡರ್, ಆರು ಗೇರ್, ಕುಡಿಯೋದು ನೋಡಿದರೆ ಮನೆ ಮಾರಬೇಕು. ಆಗ ಓಡಲಿಲ್ಲ, ಈಗ ಪೂಜೆ ಮಾಡುತ್ತಾರೆ. ಓಡಿದ್ದು ನೂರು ಸಿಸಿಯವು: 1984ರ ಇಂಡ್-ಸುಜುಕಿ, 1985ರ ಹೀರೋ ಹೋಂಡಾ ಸಿಡಿ 100, ಅದೇ ವರ್ಷದ ಆರ್‌ಎಕ್ಸ್ 100. ಬ್ರಿಟನ್ನಿನ ಕಂಪನಿಗಳಿಗೆ ಪೆಟ್ಟು ಕೊಡಲು ನಾಲ್ಕು ಸಿಲಿಂಡರ್ ಬೇಕಾಯಿತು. ಮೈಸೂರಿನದಕ್ಕೆ ಈ ತಮ್ಮಂದಿರೇ ಸಾಕಾದರು. 1996ರಲ್ಲಿ ಐಡಿಯಲ್ ಜಾವಾ ಬಾಗಿಲು ಹಾಕಿತು. ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ. 2013ರಿಂದ ನಮ್ಮ ಕೋಲಾರದ ನರಸಾಪುರದಲ್ಲಿ ಹೋಂಡಾದ್ದೇ ಕಾರ್ಖಾನೆ ಇದೆ. ಅಲ್ಲಿಂದ ಲಾರಿ ತುಂಬಿ ಬರೋದು ಸ್ಕೂಟರು.

ಇದನ್ನೆಲ್ಲ ಹೇಳಿದ್ದಕ್ಕೆ ಕಾರಣ ಇದೆ. ಗಾಡಿ ಬಂದ ಊರಿಗೆ ಅದರ ವಿದ್ಯೆಯೂ ಬರುತ್ತದೆ. ಯೆಜ್ಡಿ ಬಂತು, ಪಾಯಿಂಟ್ ಸೆಟ್ ಮಾಡುವ ಕೈಗಳು ತಾಲೂಕಿಗೆ ಹತ್ತು ಹುಟ್ಟಿದವು. ಆರ್‌ಎಕ್ಸ್ ಬಂತು, ಪಿಸ್ಟನ್ ರಿಂಗ್ ಬದಲಿಸುವುದು ಪಂಕ್ಚರ್ ತಿದ್ದಿದಷ್ಟು ಸಲೀಸಾಯಿತು. ನಾಲ್ಕು ಸಿಲಿಂಡರ್ ಅದರ ಕಾಲದಲ್ಲಿ ಇಲ್ಲಿಗೆ ಬರಲಿಲ್ಲ, ಹಾಗಾಗಿ ಅದನ್ನು ಬಿಚ್ಚಿ ಕಟ್ಟಿ ಬೆಳೆದ ಮಿಸ್ತ್ರಿಯೂ ಇಲ್ಲಿಲ್ಲ. ದೊಡ್ಡ ಜಪಾನಿ ಬೈಕುಗಳಿಗೆ ಸಲೀಸಾಗಿ ದಾರಿಯಾದದ್ದು 2007ರ ಮೇಲೆ. ಅವಕ್ಕೆ ಫ್ಯೂಯೆಲ್ ಇಂಜೆಕ್ಷನ್, ಶೋರೂಮಿನ ಕಂಪ್ಯೂಟರ್. ಆ ವಿದ್ಯೆ 1975ರ ಗಾಡಿಗೆ ಉಪಯೋಗಕ್ಕಿಲ್ಲ.

ಈಗ ನಮ್ಮ ಅಣ್ಣನ ಮಗನ ವಿಷಯಕ್ಕೆ ಬರ್ತೀನಿ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ, ಮದುವೆ ಇನ್ನೂ ಆಗಿಲ್ಲ. ಮೊನ್ನೆ ರಾತ್ರಿ ವಾಟ್ಸಾಪಿನಲ್ಲಿ ಹದಿನಾಲ್ಕು ಫೋಟೊ. “ಕಾಕಾ, ಎಪ್ಪತ್ತೈದರ ಮಾಡೆಲ್ ಸಿಬಿ 750 ಐತ್ರಿ. ಹೆಂಗೈತಿ ನೋಡ್ರಿ. ತಗೊಳ್ಳಲೇನ್ರಿ?”

ಚಂದ ಇತ್ತು, ಸುಳ್ಳು ಯಾಕೆ ಹೇಳಲಿ. ನಾಲ್ಕು ಸೈಲೆನ್ಸರು, ಎರಡೂ ಕಡೆ ಎರಡೆರಡು. “ಆರ್‌ಸಿ ಫೋಟೊ ಎಲ್ಲೈತೋ ತಮ್ಮಾ?” ಅಂದೆ.

“ಪೇಪರ್ ಎಲ್ಲಾ ಕ್ಲಿಯರ್ ಅಂತಾರ್ರಿ.”

ರೇಟು ಒಂದು ಹೊಸ ಕಾರಿನದು. ಉಳಿತಾಯ ಸಾಲದು, ಪರ್ಸನಲ್ ಲೋನ್ ತೆಗೆಯುವವನಿದ್ದ. ಇತ್ತ ಊರಲ್ಲಿ ನಮ್ಮ ವೈನಿ ಎರಡು ವರ್ಷದಿಂದ ಹಿಂದಿನ ಖೋಲಿಯ ಹಂಚು ತೆಗೆಸಿ ಸ್ಲ್ಯಾಬ್ ಹಾಕಿಸೋಣ ಅಂತಿದ್ದಾಳೆ. ಅದು ಅವರ ಮನೆಯ ಮಾತು, ತಾಯಿ-ಮಗ ನೋಡಿಕೊಳ್ಳಲಿ. ನನ್ನನ್ನು ಕೇಳಿದ್ದು ಗಾಡಿಯ ಬಗ್ಗೆ, ಅಷ್ಟನ್ನು ಹೇಳಿದೆ. ನಿಮ್ಮಲ್ಲೂ ಯಾರಾದರೂ ಇಂಥ ಫೋಟೊ ನೋಡುತ್ತ ರಾತ್ರಿ ಹನ್ನೆರಡರ ತನಕ ಎಚ್ಚರ ಇರುವವರಿದ್ದರೆ ನಿಮಗೂ ಇದೇ ಮಾತು.

ಮೊದಲು ಕಾಗದ. ಹಳೇ ಜಪಾನಿ ದೊಡ್ಡ ಗಾಡಿಗಳು ನಮ್ಮ ದೇಶಕ್ಕೆ ಬಂದ ದಾರಿಗಳು ಹಲವು. ರಾಯಭಾರಿ ಕಚೇರಿಯವರು ತಂದು ಬಿಟ್ಟುಹೋದವು, ಪರದೇಶದಿಂದ ಮರಳಿದವರು ಜೊತೆಗೆ ತಂದವು, ಇವು ನೆಟ್ಟಗಿನವು. ಬಿಚ್ಚಿ ತುಂಡುಮಾಡಿ ‘ಸ್ಪೇರ್ ಪಾರ್ಟ್’ ಅಂತ ಬಂದು, ಇಲ್ಲಿ ಜೋಡಿಸಿ, ಗುಜರಿಗೆ ಹೋದ ಬೇರೆ ಯಾವುದೋ ಗಾಡಿಯ ಆರ್‌ಸಿ ಅಂಟಿಸಿಕೊಂಡವೂ ಇವೆ. ಅಂಥದ್ದು ಕೈಗೆ ಬಂದರೆ ಒಂದಲ್ಲ ಒಂದು ದಿನ ಕಸ್ಟಮ್ಸಿನವರೋ ಆರ್‌ಟಿಒದವರೋ ಎಳೆದುಕೊಂಡು ಹೋಗುತ್ತಾರೆ. ಲೋನಿನ ಕಂತು ಮಾತ್ರ ನಿಮ್ಮ ಬಳಿಯೇ ಇರುತ್ತದೆ.

ಪರೀಕ್ಷೆ ಕಷ್ಟ ಇಲ್ಲ. ಆರ್‌ಸಿಯಲ್ಲಿ ಸಿಸಿ ಎಷ್ಟು ಅನ್ನುವುದರ ಜೊತೆಗೆ ಸಿಲಿಂಡರ್ ಎಷ್ಟು ಅಂತಲೂ ಒಂದು ಕಾಲಮ್ ಇರುತ್ತದೆ. ಬಹಳ ಜನ ಅದನ್ನು ಓದುವುದೇ ಇಲ್ಲ. ಅಲ್ಲಿ 1 ಅಂತ ಇದ್ದು ಎದುರಿಗೆ ನಾಲ್ಕು ಸೈಲೆನ್ಸರಿನ ಗಾಡಿ ನಿಂತಿದ್ದರೆ ಚಹಾ ಕುಡಿದು ಎದ್ದು ಬನ್ನಿ. ಆಮೇಲೆ ನಂಬರು. ಹ್ಯಾಂಡಲ್ ಕೂರುವ ಕೊಳವೆಯ ಮೇಲೆ ಚಾಸಿಯ ನಂಬರ್ ಹೊಡೆದಿರುತ್ತದೆ, ಸಿಬಿ 750 ಅಂತ ಶುರುವಾಗಿ. ಎಂಜಿನ್ನಿನದು ಸಿಬಿ 750 ಆದ ಮೇಲೆ ಒಂದು ‘ಇ’ ಅಕ್ಷರ. ಎರಡರ ಅಂಕಿಗಳು ಒಂದೇ ಇರಬೇಕಾಗಿಲ್ಲ, ಹೋಂಡಾ ಹಾಗೆ ಹೊಡೆಯುತ್ತಿರಲಿಲ್ಲ. “ಎರಡೂ ನಂಬರ್ ಸೇಮ್ ಟು ಸೇಮ್ ಸಾರ್” ಅಂತ ಯಾರಾದರೂ ಹೆಮ್ಮೆಪಟ್ಟರೆ ಇನ್ನಷ್ಟು ಹತ್ತಿರ ಹೋಗಿ ನೋಡಿ.

ಹೊರದೇಶದಿಂದಲೇ ತರಿಸುವ ಯೋಚನೆ ಇದ್ದವರಿಗೆ ಒಂದು ಮಾತು. ಮೊದಲು 1950ಕ್ಕೂ ಹಿಂದಿನ ವಾಹನಕ್ಕೆ ಮಾತ್ರ ವಿಂಟೇಜ್ ಅಂತ ಆಮದಿಗೆ ಅವಕಾಶ ಇತ್ತು. 2025ರಲ್ಲಿ ಅದನ್ನು ‘50 ವರ್ಷ ದಾಟಿದ್ದು’ ಅಂತ ಬದಲಾಯಿಸಿದರು. ಹಾಗಾಗಿ 1970ರ ಆಚೀಚಿನ ಗಾಡಿಗಳು ಒಂದೊಂದಾಗಿ ಆ ಗೆರೆ ದಾಟುತ್ತಿವೆ. ಸುಂಕ, ಹಡಗಿನ ಬಾಡಿಗೆ ಹಗುರ ಅಂತ ಮಾತ್ರ ತಿಳಿಯಬೇಡಿ.

ಇನ್ನು ನೋಂದಣಿ. 2021ರಲ್ಲಿ ಬಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಬೈಕು-ಕಾರುಗಳನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷಕ್ಕೆ ಊರ್ಜಿತ, ನಂತರ ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರ ಆದ ಮೇಲೆ ‘ವಿಎ’ ಅಂತ ಬರುತ್ತದೆ. ನಮ್ಮ ಕಡೆ ಬೈಲಹೊಂಗಲದ ಕೆಎ-24 ನೋಡಿ ನೋಡಿ ರೂಢಿಯಾದ ಕಣ್ಣಿಗೆ ಅದು ವಿಚಿತ್ರವೇ. ಆದರೆ ಹುಡುಗರು ಗಮನಿಸದೆ ಬಿಡುವ ಷರತ್ತು ಒಂದಿದೆ: ವಿಂಟೇಜ್ ನೋಂದಣಿಯ ಗಾಡಿ ದಿನನಿತ್ಯದ ಓಡಾಟಕ್ಕೆ ಅಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕೆ ಮಾತ್ರ ರಸ್ತೆಗಿಳಿಸಬೇಕು. ಹಿಂಜೆವಾಡಿಯ ಆಫೀಸಿಗೆ ದಿನಾ ಇದರ ಮೇಲೆ ಹೋಗ್ತೀನಿ ಅನ್ನೋ ಕನಸಿದ್ದರೆ ಆ ನೋಂದಣಿ ನಿಮಗಲ್ಲ.

ಕಾಗದ ನೆಟ್ಟಗಿದೆ ಅಂತಿಟ್ಟುಕೊಳ್ಳಿ. ಆಗ ಬರೋದು ಅಸಲಿ ಪ್ರಶ್ನೆ, ನನ್ನ ಮಟ್ಟಿಗೆ ಬೆಲೆಗಿಂತ ದೊಡ್ಡದು. ಇದನ್ನು ಬದುಕಿಸುವ ಕೈ ಯಾವುದು?

ನಾಲ್ಕು ಸಿಲಿಂಡರಿಗೆ ನಾಲ್ಕು ಕಾರ್ಬೊರೇಟರ್. ಒಂದೊಂದರಲ್ಲೂ ಪೈಲಟ್ ಜೆಟ್, ಮೇನ್ ಜೆಟ್, ಸೂಜಿ, ಫ್ಲೋಟ್. ಎಲ್ಲ ಕ್ಲೀನ್ ಮಾಡಿ ಕೂರಿಸಿದರೆ ಮುಗಿಯಲಿಲ್ಲ, ನಾಲ್ಕೂ ಒಂದೇ ಹೊತ್ತಿಗೆ ಒಂದೇ ಅಳತೆಯಲ್ಲಿ ಬಾಯಿ ತೆರೆಯಬೇಕು. ಅದಕ್ಕೆ ನಾಲ್ಕು ಮುಳ್ಳಿನ ವ್ಯಾಕ್ಯೂಮ್ ಗೇಜ್ ಹಚ್ಚಿ, ಎಂಜಿನ್ ಚಾಲೂ ಇಟ್ಟು, ಒಂದೊಂದೇ ಸ್ಕ್ರೂ ತಿರುಗಿಸುತ್ತ ಸಮ ಮಾಡಬೇಕು. ನಮ್ಮ ಮಿಸ್ತ್ರಿಯ ಗ್ಯಾರೇಜಿನಲ್ಲಿ ಆ ಗೇಜ್ ಇಲ್ಲ. ಬೇಕಾಗಿದ್ದೇ ಇಲ್ಲ, ಎಲ್ಲಾ ಒಂದೇ ಕಾರ್ಬೊರೇಟರಿನ ಗಾಡಿ. ಆದರೆ ಫೋನಿನಲ್ಲಿ ಫೋಟೊ ತೋರಿಸಿ ಇಷ್ಟು ಹೇಳಿದ್ದೇ ತಡ, ಅವನು ಅಂದ: “ನಾಕೆತ್ತು ಕಟ್ಟಿದ ರಂಟೆ ಇದ್ದಂಗಾತಲ್ರಿ. ಎರಡು ಎಳೀತಾವು, ಎರಡು ಸುಮ್ನ ಜೋಡಿ ನಡೀತಾವು. ನೋಡಾವ್ರಿಗೆ ನಾಕೂ ದುಡದಂಗ ಕಾಣತೈತಿ.”

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಕಾರ್ಬೊರೇಟರ್ ಸಮ ಇಲ್ಲದ ಗಾಡಿ ನಿಲ್ಲುವುದಿಲ್ಲ, ಓಡುತ್ತದೆ. ಅದಕ್ಕೇ ಕೊಳ್ಳುವವರು ಮೋಸಹೋಗೋದು. ಒಂದು ಸಿಲಿಂಡರ್ ಸತ್ತಿದ್ದರೂ ಮಿಕ್ಕ ಮೂರು ಎಳೆದುಬಿಡುತ್ತವೆ. ಪತ್ತೆ ಹಚ್ಚುವುದು ಹೇಗೆ ಅಂದರೆ ಅವನ ಬಳಿ ಉತ್ತರ ತಯಾರಿತ್ತು. ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ಒಂದು ನಿಮಿಷ ಬಿಟ್ಟು, ನಾಲ್ಕೂ ಸೈಲೆನ್ಸರ್ ಕೊಳವೆಗಳ ಬುಡಕ್ಕೆ ಒಂದೊಂದು ಹನಿ ನೀರು ಚಿಮುಕಿಸಬೇಕು. ಚುರ್ ಅನ್ನದೆ ನೀರು ಹಾಗೇ ಇಳಿದರೆ ಅದೇ ಸತ್ತ ಸಿಲಿಂಡರು. ಮುಟ್ಟಿ ನೋಡಬೇಡಿ, ಕೈ ಸುಡುತ್ತದೆ. ಹಾಗೇ, ನೀವು ಹೋಗುವ ಮೊದಲೇ ಮಾರುವವರು ಎಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ಅದು ತಣ್ಣಗಾಗುವ ತನಕ ಕೂತು ಆಮೇಲೆ ನೋಡಿ. ಹಳೇ ಗಾಡಿಯ ಗುಣ ಗೊತ್ತಾಗೋದು ಬೆಳಗಿನ ಮೊದಲ ಸ್ಟಾರ್ಟಿನಲ್ಲಿ.

ನಾಲ್ಕು ಸಿಲಿಂಡರಿನ ಗಾಡಿಯನ್ನು ಎದುರಿಗೆ ಒಮ್ಮೆಯೂ ನೋಡದ ಮನುಷ್ಯ ಇಷ್ಟು ಹೇಳಿದ. ಹಾಗಾಗಿ ನಾನು ‘ಇಲ್ಲಿ ಆಗೋದಿಲ್ಲ’ ಅನ್ನುವವನಲ್ಲ. ಗೇಜ್ ತರಿಸಿಕೊಟ್ಟರೆ, ಪುಸ್ತಕ ಓದಿ ಹೇಳಿದರೆ ಅವನು ಮಾಡಿಯೇ ತೀರುತ್ತಾನೆ. ಚಿಂತೆ ಬೇರೆ. ಅವನಿಗೆ ಅರವತ್ತರ ಹತ್ತಿರ, ಕಣ್ಣು ಮಂಜಾಗಿದೆ. ಪೈಲಟ್ ಜೆಟ್ಟಿನ ತೂತು ಕೂದಲೆಳೆಯಷ್ಟು. 2020ರ ಏಪ್ರಿಲಿನಲ್ಲಿ ಬಿಎಸ್-6 ಬಂದ ಮೇಲೆ ಬಹುತೇಕ ಹೊಸ ಬೈಕುಗಳಿಂದ ಕಾರ್ಬೊರೇಟರೇ ಹೋಯಿತು. ಗ್ಯಾರೇಜಿಗೆ ಕೆಲಸ ಕಲಿಯಲು ಬರುವ ಹುಡುಗರು ಸ್ಕ್ಯಾನರ್ ಹಿಡಿಯಲು ಕಲಿಯುತ್ತಾರೆ, ಅದು ತಪ್ಪೂ ಅಲ್ಲ, ಹೊಟ್ಟೆಪಾಡು. ಅಂದರೆ ಈಗ ಇಂಥ ಗಾಡಿ ತಗೊಳ್ಳುವವರಿಗೆ ಬೆಳಗಾವಿ, ಹುಬ್ಬಳ್ಳಿ, ಪುಣೆಯಲ್ಲೂ ಸಿಗುವುದು ಕೆಲವೇ ಕೈಗಳು, ಅವೂ ವಯಸ್ಸಾದವು. ಗಾಡಿ ಐವತ್ತು ವರ್ಷ ಬಾಳಿದೆ, ಇನ್ನೂ ಐವತ್ತು ಬಾಳುವ ತಾಕತ್ತು ಅದಕ್ಕಿದೆ. ನಮ್ಮಲ್ಲಿ ಜೆಟ್ ತೆಗೆಯುವ ಕೈಗೆ ಇಲ್ಲ. ಸ್ಪ್ಯಾನರ್ ಹಿಡಿಯಲು ನೀವೇ ಕಲಿಯುವವರಾದರೆ ಮಾತು ಬೇರೆ. ಹೊರದೇಶಗಳಲ್ಲಿ ಈ ಗಾಡಿ ಇಟ್ಟವರಲ್ಲಿ ಬಹಳ ಜನ ಅದನ್ನೇ ಮಾಡುತ್ತಾರೆ, ರವಿವಾರ ಎಣ್ಣೆ ಕೈ ಮಾಡಿಕೊಂಡು.

ಇನ್ನೊಂದು ತೊಂದರೆ ನಮ್ಮ ಹೊಲದಿಂದಲೇ ಬಂದದ್ದು. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಇ20, ಅಂದರೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಬೆಳಗಾವಿ ಜಿಲ್ಲೆ ಕಬ್ಬಿನ ಜಿಲ್ಲೆ, ಇಲ್ಲಿನ ಕಾರ್ಖಾನೆಗಳಿಗೆ ಅದರಿಂದ ದುಡಿಮೆ, ರೈತರ ಬಿಲ್ಲಿಗೂ ಆಸರೆ. ಆದರೆ 1975ರ ಕಾರ್ಬೊರೇಟರಿನ ರಬ್ಬರಿಗೆ ಇದು ಗೊತ್ತಿಲ್ಲ. ಎಥೆನಾಲ್ ಹಳೇ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವ ಹೀರುತ್ತದೆ, ನಿಂತ ಗಾಡಿಯ ಕಬ್ಬಿಣದ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಆ ತುಕ್ಕಿನ ಪುಡಿ ನಾಲ್ಕು ಜೆಟ್ಟುಗಳ ಕೂದಲೆಳೆ ತೂತಿಗೆ ಹೋಗಿ ಕೂರುತ್ತದೆ. ಪೈಪು, ವಾಷರ್, ಓ-ರಿಂಗ್ ಎಲ್ಲ ಎಥೆನಾಲ್ ತಡೆಯುವಂಥವು ಹಾಕಿಸಬೇಕು. ಎರಡು-ಮೂರು ವಾರ ಓಡಿಸುವುದಿಲ್ಲ ಅಂದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ ನಾಲ್ಕೂ ಫ್ಲೋಟ್ ಬೌಲ್ ಖಾಲಿ ಮಾಡಿಡಬೇಕು. ಈ ಮಾತು ಮನೆಯಲ್ಲಿ ಆರ್‌ಎಕ್ಸ್, ಯೆಜ್ಡಿ ಇಟ್ಟವರಿಗೂ ಅನ್ವಯ. ನಿಮಗೆ ಇರೋದು ಒಂದೇ ಬೌಲ್, ಪುಣ್ಯ.

ರಸ್ತೆಯ ಬಗ್ಗೆ ಹೆಚ್ಚು ಬೇಡ. ಎಣ್ಣೆ-ಪೆಟ್ರೋಲ್ ಸೇರಿ 230 ಕಿಲೋ ದಾಟುವ ಗಾಡಿ, ಆರ್‌ಎಕ್ಸ್ ನೂರರ ಆಸುಪಾಸು. ಕಬ್ಬಿನ ಸೀಸನ್ನಿನಲ್ಲಿ ಟ್ರ್ಯಾಕ್ಟರ್ ಹಿಂದೆ ಎರಡನೇ ಗೇರಿನಲ್ಲಿ ಹೋಗುವಾಗ ಗಾಳಿ ಬೀಸದೆ ಎಂಜಿನ್ ಕಾಯುತ್ತದೆ, ತೊಡೆ ಸುಡುತ್ತದೆ. ಲೀಟರಿಗೆ 15ರಿಂದ 20 ಕಿಲೋಮೀಟರ್ ಸಿಕ್ಕರೆ ಸಾಕು. ಒಂದೇ ಸಮಾಧಾನ, ಮುಂದಿನ ಟೈರಿನ ಅಳತೆ 3.25-19, ಹಳೇ ಬುಲೆಟ್ಟಿನದೇ. ಅದೊಂದು ಯರಗಟ್ಟಿಯಲ್ಲೂ ಸಿಕ್ಕೀತು.

ಇಷ್ಟನ್ನೂ ಹುಡುಗನಿಗೆ ವಾಯ್ಸ್ ಮೆಸೇಜ್ ಮಾಡಿದೆ. ಒಂದು ತಾಸು ಉತ್ತರ ಇಲ್ಲ. ಆಮೇಲೆ ಬಂತು: “ಕಾಕಾ, ವ್ಯಾಕ್ಯೂಮ್ ಗೇಜ್ ಆನ್‌ಲೈನ್ ಸಿಗತೈತ್ರಿ. ಮಿಸ್ತ್ರಿ ಖರೇನ ಮಾಡ್ತಾರೇನ್ರಿ?” ಮಾಡ್ತಾನೆ, ಆದರೆ ಕಲಿಯೋನು ನೀನು, ಪ್ರತಿ ತಿಂಗಳ ಎರಡನೇ ಶನಿವಾರ ಬರಬೇಕು ಅಂದೆ. ಮೊದಲು ಕೊಟ್ಟಿಗೆಯಲ್ಲಿ ನಿಂತ ನಿಮ್ಮಪ್ಪನ ಆರ್‌ಎಕ್ಸಿನ ಕಾರ್ಬೊರೇಟರ್ ಬಿಚ್ಚಿ ಜೋಡಿಸು, ಅದು ಬಂದರೆ ಉಳಿದ ಮೂರರ ಮಾತಾಡೋಣ. ಅದಕ್ಕೆ ಹೂಂ ಅಂದಿದ್ದಾನೆ. ಮಾರುವವರು ನಿನ್ನೆ ಆರ್‌ಸಿ ಫೋಟೊ ಕಳಿಸಿದ್ದಾರಂತೆ. ಸಿಲಿಂಡರ್ ಕಾಲಮ್ಮಿನಲ್ಲಿ 4 ಅಂತಲೇ ಇದೆ. ಎಂಜಿನ್ ನಂಬರಿನ ಫೋಟೊ ಇನ್ನೂ ಬರಬೇಕು.